ತನಾಬೆ ಸಾನ್ ಅವರ ಸೊಟ್ಟ ಕಿಲೀಮು

— ಎಷ್ಟು ಹೊಲಿಗೆ ಬಿಚ್ಚಿದ್ರಿ ಅತ್ತೆ?

— ಅಷ್ಟೂ. ಅರ್ಧಂಬರ್ಧ ಕೆಲ್ಸ ನಂಗೆ ಆಗಲ್ಲ.

ಚಂದ್ರಮೋಹನ್ ಸೋಫಾದ ಮೇಲೆ ಕುಸಿದ. ಹೆಣ್ಣು ಕೊಟ್ಟ ಅತ್ತೆ, ಬೈಯುವ ಹಾಗಿಲ್ಲ. ಬಾಣಂತನಕ್ಕೆಂದು ಮೂರು ತಿಂಗಳಿಗೆ ಬಂದಿದ್ದ ಕಮಲಮ್ಮ, ಕೊರೊನಾದಿಂದ ವಿಮಾನ ನಿಂತು, ಎಡೋಗಾವಾದ ಆ ಪುಟ್ಟ ಫ್ಲ್ಯಾಟಿನಲ್ಲಿ ಹದಿನಾಲ್ಕನೇ ತಿಂಗಳು ಕಳೆಯುತ್ತಿದ್ದರು. ಮಗು ಮಲಗಿದರೆ ಅವರಿಗಾದರೂ ಏನು ಕೆಲಸ, ಪಾಪ?

ಬಿಚ್ಚಿದ್ದು ಕೆಳಮಹಡಿಯ ತನಾಬೆ ಸಾನ್ ಅವರ ಉಜ್ಬೇಕ್ ಕಿಲೀಮನ್ನು, ಕೈಮಗ್ಗದ ಉಣ್ಣೆ ಜಮಖಾನವನ್ನು. ಆಫೀಸಿನ ವಿಡಿಯೊ ಮೀಟಿಂಗಿನಲ್ಲಿ ಹಿಂದೆ ಒಣಗುವ ಮಗುವಿನ ಬಟ್ಟೆ ಕಾಣದಿರಲೆಂದು ಅಳಿಯ ಎರವಲು ತಂದು ಗೋಡೆಗೆ ನೇತುಹಾಕಿದ್ದ. ಭಾನುವಾರ ಇಳಿಸಿ ಮಡಿಸಿಟ್ಟಿದ್ದ. ಇನ್ನೇನು ಅವರು ಒಯ್ಯಲು ಬರುವವರಿದ್ದರು.

— ಮೂವತ್ತು ವರ್ಷದಿಂದ ಜೋಪಾನ ಮಾಡಿರೋದು ಅತ್ತೆ ಅದು.

— ಮೂವತ್ತು ವರ್ಷದಿಂದ ಸೊಟ್ಟಗೇ ಇತ್ತಾ? ಯಾರೂ ಹೇಳ್ಲಿಲ್ವಾ ಅವ್ರಿಗೆ?

— ಸೊಟ್ಟ ಅಲ್ಲ. ಕುರಿ ಹಿಂದೆ ಅಲೆಯೋ ಹೆಂಗಸರು, ದೊಡ್ಡ ಮಗ್ಗ ಹೊರೋಕಾಗಲ್ಲ. ಗೇಣಗಲದ ಪಟ್ಟಿ ನೇಯ್ದು ಪಕ್ಕಪಕ್ಕ ಹೊಲಿಯೋದು. ಒಂದರ ಚಿತ್ತಾರಕ್ಕೆ ಇನ್ನೊಂದರದ್ದು ಕೂಡಲ್ಲ. ಅದೇ ಅದರ ಬ್ಯೂಟಿ.

— ಮಗು ಅಳ್ತಿರುತ್ತೆ, ಒಲೆ ಮೇಲೆ ಏನೋ ಇರುತ್ತೆ, ಅವಸರಕ್ಕೆ ಹೊಲಿದಿದಾಳೆ. ನಂಗೆ ಅರ್ಥ ಆಗುತ್ತಪ್ಪಾ.

ಕಮಲಮ್ಮನವರ ತವರು ಚಳ್ಳಕೆರೆ ಕಡೆ. ಎರಡು ಪಟ್ಟಿ ಕೂಡಿಸಿದ ಕಂಬಳಿಯಲ್ಲಿ ಅಂಚು ಬೆರಳಷ್ಟು ಏರುಪೇರಾದರೂ ಅವರ ಅಜ್ಜಿ ನೇಯ್ದವನ ಮನೆಗೇ ಹೊತ್ತುಕೊಂಡು ಹೋಗುತ್ತಿದ್ದರು. ಅಲ್ಲಿ ಎಲೆಅಡಿಕೆ ಹಾಕಿಕೊಂಡು, ಅವನ ಮಗಳಿಗೆ ಗಂಡು ಗೊತ್ತುಮಾಡಿ ಬಂದದ್ದೂ ಉಂಟು. ಅದಿರಲಿ. ಮಗುವಿಗೆ ಉಣಿಸುವಾಗೆಲ್ಲ ಎದುರಿನ ಗೋಡೆಯಲ್ಲಿ ಅರ್ಧ ಹೂವು ಮೇಲೆ, ಅರ್ಧ ಹೂವು ಕೆಳಗೆ. ಎಷ್ಟು ತಿಂಗಳು ಸಹಿಸುವುದು? ಮೂರು ಮಧ್ಯಾಹ್ನ ಕೂತು ಹೂವಿಗೆ ಹೂವು ಕೂಡಿಸಿ ಹೊಲಿದುಬಿಟ್ಟಿದ್ದರು.

ಬೆಲ್ ಆಯಿತು. ಮಾಸ್ಕ್ ಹಾಕಿಕೊಂಡ ತನಾಬೆ ಸಾನ್ ಹೊಸ್ತಿಲಾಚೆಯೇ ನಿಂತರು. ಚಂದ್ರಮೋಹನ್ ಕಿಲೀಮು ಹಿಡಿದು, ಸುಮಿಮಾಸೆನ್ ಎಂದು ಜಪಾನಿಯಲ್ಲಿ ಕ್ಷಮೆ ಕೇಳುತ್ತ ಬಗ್ಗಿದವನು ಏಳಲೇ ಇಲ್ಲ.

— ಅಷ್ಟು ಬಗ್ಗಬೇಡಿ ಅಳಿಯಂದ್ರೇ, ಸೊಂಟ ಹಿಡಿಯುತ್ತೆ. ಥ್ಯಾಂಕ್ಸ್ ಎಲ್ಲಾ ಬೇಡ ಅಂತ ಹೇಳಿ ಅವ್ರಿಗೆ.

ತನಾಬೆ ಸಾನ್ ಹೊಲಿಗೆಯ ಮೇಲೆ ಬೆರಳಾಡಿಸಿದರು. ಲಿಫ್ಟಿನ ಕಡೆಗೊಮ್ಮೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಏನೋ ಹೇಳಿದರು.

— ಏನಂತೆ?

— ಅವ್ರ ಹೆಂಡ್ತಿ ಮದುವೆ ಆದಾಗಿಂದ ಇದನ್ನ ನೆಟ್ಟಗೆ ಮಾಡ್ತೀನಿ ಅಂತಿದ್ರಂತೆ. ಬಿಚ್ಚಿದ್ರೆ ಪೂರಾ ಹರಿದುಹೋಗುತ್ತೆ ಅಂತ ಇವ್ರು ಹೆದರಿಸಿಟ್ಟಿದ್ರಂತೆ. ಈಗ ಇದನ್ನ ನೋಡಿದ್ರೆ ಮನೇಲಿರೋ ಬೇರೆ ಕಿಲೀಮುಗಳನ್ನೂ ಆಕೆ ಬಿಚ್ಚದೆ ಬಿಡಲ್ಲ, ದಯವಿಟ್ಟು ನೀವೇ ಇಟ್ಕೊಳಿ ಅಂತಿದಾರೆ.

ಅಳಿಯ ಉಸಿರು ಬಿಡುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ತನಾಬೆ ಸಾನ್ ಅವರ ಹೆಂಡತಿ. ಬೆಳಿಗ್ಗೆ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ್ದನ್ನು ಕೆಳಗಿನಿಂದಲೇ ನೋಡಿದ್ದರಂತೆ. ಕಂಕುಳಲ್ಲಿ ಎರಡು ಕಿಲೀಮಿನ ಸುರುಳಿ, ಹಿಂದೆ ಎಳೆದುಕೊಂಡು ಬಂದದ್ದು ಮೂರನೆಯದು. ಗಂಡನ ಕಡೆ ತಿರುಗಿಯೂ ನೋಡದೆ ನೇರವಾಗಿ ಕಮಲಮ್ಮನವರಿಗೆ ಬಗ್ಗಿ ನಮಸ್ಕರಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕಮಲಮ್ಮ ಒಂದು ಸುರುಳಿ ಬಿಡಿಸಿ ನೋಡಿ ಲೊಚಗುಟ್ಟಿದರು. ಆಕೆಯೂ ಲೊಚಗುಟ್ಟಿದರು. ಮಾತು ಮುಗಿಯಿತು.

— ಅಳಿಯಂದ್ರೇ, ಇವ್ರ ಯಜಮಾನ್ರನ್ನ ಒಳಗೆ ಕೂರಿಸಿ ಕಾಫಿ ಕೊಡಿ, ಮುಖ ಬಾಡಿದೆ. ಆಮೇಲೆ ಇಬ್ರೂ ಸೂಜಿಗೆ ದಾರ ಪೋಣಿಸ್ತಾ ಇರಿ. ನಮ್ಮಿಬ್ರಿಗೂ ಕಣ್ಣು ಸಾಲದು.