ದೋಣಿಯ ವಿಷಯಕ್ಕೆ ಇವರು ಒಪ್ಪಿಬಿಟ್ಟದ್ದು

ಗಂಡ ನನ್ನ ಮಾತಿಗೆಲ್ಲ ಒಪ್ಪುತ್ತಾನೆ ಎಂದು ದೂರು ಹೇಳುವ ಹೆಂಗಸಿಗೆ ಈ ಲೋಕದಲ್ಲಿ ಸಹಾನುಭೂತಿ ಸಿಗುವುದಿಲ್ಲ. ನಾನು ಪ್ರಯತ್ನಿಸಿ ನೋಡಿದ್ದೇನೆ. ಎದುರು ಫ್ಲ್ಯಾಟಿನ ಮರಾಠಿ ವಹಿನಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದವರು ಕೈ ನಿಲ್ಲಿಸಿ, "ನಶೀಬ ಲಾಗತ ಹೋ ತ್ಯಾಲಾ" ಎಂದರು. ಅದಕ್ಕೆಲ್ಲ ಅದೃಷ್ಟ ಬೇಕಂತೆ. ಆಮೇಲೆ ತಮ್ಮ ಒಳಕೋಣೆಯ ಕಡೆ, ಅಂದರೆ ತಮ್ಮ ಅದೃಷ್ಟ ಟಿ.ವಿ. ನೋಡುತ್ತ ಮಲಗಿದ್ದ ಕಡೆ, ಒಮ್ಮೆ ತಿರುಗಿ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಘಣಸೋಲಿಯಲ್ಲಿರುವ ಮಗಳಿಗೆ ಫೋನು ಮಾಡಿದರೆ ಅವಳೂ ಅಷ್ಟೇ. ಅವಳಿಗೆ ಕನ್ನಡ ಕಿವಿಯಲ್ಲಿ ಮಾತ್ರ ಇದೆ, ಬಾಯಿಗೆ ಇಳಿದಿಲ್ಲ. "ಮಮ್ಮೀ, ಪಪ್ಪಾ ಕಿತೀ ಶಾಂತ ಝಾಲೇತ ಆತಾ" ಎಂದಳು. ಅಪ್ಪ ಈಗ ಎಷ್ಟು ಶಾಂತವಾಗಿದ್ದಾರೆ, ನಿನಗೇಕೆ ಸಮಾಧಾನವಿಲ್ಲ ಎಂಬುದು ಅದರ ಅರ್ಥ.

ಸಮಾಧಾನ ಯಾಕಿಲ್ಲವೆಂದು ತಿಳಿಯಬೇಕಾದರೆ ಇವರ ಹಿಂದಿನ ಸ್ವಭಾವ ಗೊತ್ತಿರಬೇಕು. ನನ್ನ ಗಂಡ ಉಡುಪಿ ಕಡೆಯವರು. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂತು ಆಯುಷ್ಯ ಸವೆಸಿದವರು. ಗಲ್ಲಾದ ಮೇಲೆ ಕೂತವನಿಗೆ ಸ್ವಂತ ಅಭಿಪ್ರಾಯ ಇರಬಾರದು. ಗಿರಾಕಿ ಬಂದು ಸಾಂಬಾರು ಸಿಹಿ ಎಂದರೆ, "ಆಯ್ತು, ನೋಡುವಾ." ಇನ್ನೊಬ್ಬ ಅದೇ ಸಾಂಬಾರು ಖಾರ ಎಂದರೆ, "ಆಯ್ತು, ನೀವು ಹೇಳುದು ಸರಿ." ಹೇಳಿ ಮುಗುಳ್ನಕ್ಕು, ಬಡೆಸೋಪಿನ ಬಟ್ಟಲನ್ನು ಎರಡು ಬೆರಳಿನಿಂದ ಗಿರಾಕಿಯ ಕಡೆ ತಳ್ಳುತ್ತಿದ್ದರು. ದಿನವಿಡೀ ಹೀಗೆ ಒಪ್ಪಿ ಒಪ್ಪಿ ದಣಿದು ಬರುವ ಮನುಷ್ಯ ಡೊಂಬಿವಿಲಿಯ ಮನೆಯಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೆ ಒಪ್ಪುವುದನ್ನೂ ಬಿಡುತ್ತಿದ್ದರು. ನಾನು ಸೆಕೆ ಎಂದರೆ ಇವರು ಫ್ಯಾನು ಕಡಿಮೆ ಮಾಡುತ್ತಿದ್ದರು. ನಾನು ವಿಜಾಪುರದವಳು, ನನ್ನ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ತಿನ್ನುದಾ, ಗೋಡೆಗೆ ಹಚ್ಚುದಾ?" ಎಂದು ಕೇಳಿ, ಮೂರನೆಯದಕ್ಕೆ ಕೈ ಚಾಚುತ್ತಿದ್ದರು. ಮದುವೆಯೆಂದರೆ ಇದೇ ಎಂದು ನಾನು ತಿಳಿದುಕೊಂಡಿದ್ದೆ. ಈಗಲೂ ಹಾಗೇ ತಿಳಿದಿದ್ದೇನೆ.

ನಮ್ಮ ಜಗಳಗಳಲ್ಲೆಲ್ಲ ದೊಡ್ಡದು ದೋಣಿಯದು. ನಿವೃತ್ತಿಯಾದ ಮೇಲೆ ಒಂದು ಹಾಯಿದೋಣಿ ಕೊಂಡು ಅದರಲ್ಲೇ ಸಂಸಾರ ಹೂಡಿ, ಮಲ್ಪೆ, ಕೊಚ್ಚಿ, ಲಕ್ಷದ್ವೀಪ ಎಂದು ದಾಟುತ್ತ ಹೋಗಿಬಿಡುವುದು ನಮ್ಮ ಯೋಜನೆಯಾಗಿತ್ತು. ಇದನ್ನು ಮೊದಲು ಯಾರು ಹೇಳಿದರೆಂಬುದು ಇತ್ಯರ್ಥವಾಗಿಲ್ಲ. ನನ್ನ ನೆನಪಿನ ಪ್ರಕಾರ ಮುಂಬ್ರಾ ಹತ್ತಿರ ಲೋಕಲ್ ಸಿಗ್ನಲ್ಲಿಗೆ ನಿಂತಿತ್ತು, ಖಾಡಿಯ ಹಿನ್ನೀರಿನಲ್ಲಿ ಒಂದು ದೋಣಿಯ ಮೇಲೆ ಯಾರೋ ಅಂಗಿ ಒಣಹಾಕುತ್ತಿದ್ದ, ಇವರು, "ನೋಡು, ಅವನಿಗೆ ಸೊಸೈಟಿ ಸೆಕ್ರೆಟರಿಯ ಕಾಟ ಇಲ್ಲ" ಎಂದರು. ಇವರ ನೆನಪಿನ ಪ್ರಕಾರ ಆ ಮಾತು ನನ್ನದು. ಈ ವಿಷಯದಲ್ಲಿ ನಾವು ವರ್ಷಗಟ್ಟಲೆ ವಾದಿಸಿದ ಮೇಲೆ ಒಂದು ಸಂಗತಿ ಹೊಳೆಯಿತು. ನಾನು ಹೋಗಿಬರುತ್ತಿದ್ದದ್ದು ಹೆಂಗಸರ ಡಬ್ಬಿಯಲ್ಲಿ, ಇವರು ಗಂಡಸರ ಡಬ್ಬಿಯಲ್ಲಿ. ಹಾಗಾದರೆ ಯಾರು ಯಾರಿಗೆ ಹೇಳಿದ್ದು? ಅಂಗಿ ಒಣಹಾಕಿದವನಾದರೂ ಇದ್ದನೋ ಇಲ್ಲವೋ. ನೆನಪನ್ನು ಹೀಗೆ ಕೆದಕಬಾರದು. ಕೆದಕಿದರೆ ದೋಣಿ ಉಳಿಯುತ್ತದೆ, ಉಳಿದದ್ದೆಲ್ಲ ಮುಳುಗುತ್ತದೆ. ಒಂದು ಮಾತು ಮಾತ್ರ ನಿಜ. ಸಮುದ್ರದ ಬದಿಯಲ್ಲಿ ಹುಟ್ಟಿದ ಇವರಿಗೆ ಈಜು ಬರುವುದಿಲ್ಲ. ನೀರಿಲ್ಲದ ಸೀಮೆಯ ನಾನು ಬಾವಿಗೆ ಹಾರಿ ಕಲಿತವಳು.

ಡೊಂಬಿವಿಲಿಯವರು ಏನನ್ನು ಕೊಳ್ಳಲು ಹೊರಟರೂ ಫ್ಲ್ಯಾಟು ಕೊಳ್ಳುವ ಹಾಗೆಯೇ ಹೊರಡುತ್ತಾರೆ. ಬೇಲಾಪುರದ ಖಾಡಿಯಲ್ಲಿ ಯಾರದೋ ಹಳೆಯ ಹಾಯಿದೋಣಿ ಮಾರಾಟಕ್ಕಿದೆ ಎಂದು ಇವರು ಫೋನಿನಲ್ಲಿ ಕಂಡುಹಿಡಿದಾಗ ನಾವು ಅಳತೆಯ ಟೇಪು ಹಿಡಿದು ಹೋದೆವು. ಹೊಸ ಮನೆ ನೋಡಲು ಹೋಗುವಾಗ ಒಲೆಯ ಜಾಗ ಸಾಕೇ ಎಂದು ಪರೀಕ್ಷಿಸಲು ನಾನು ರೊಟ್ಟಿಯ ಹಂಚನ್ನು ಒಯ್ಯುವುದುಂಟು, ಅದನ್ನೂ ಚೀಲದಲ್ಲಿಟ್ಟುಕೊಂಡೆ. ದೋಣಿ ಕಾಯುವವನೊಬ್ಬ ನಮ್ಮನ್ನು ಒಳಗೆ ಇಳಿಸಿದ. ನಾನು ರೂಢಿಯಂತೆ ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನೀರು ಎಷ್ಟು ಹೊತ್ತು ಬರುತ್ತದೆ ಎಂದೆ. ಅವನು ಸುತ್ತಲೂ ಒಮ್ಮೆ ನೋಡಿ, "ಚೋವೀಸ ತಾಸ" ಎಂದ. ಇಪ್ಪತ್ತನಾಲ್ಕು ಗಂಟೆಯೂ. ಬಾಗಿಲು ಪೂರ್ವಕ್ಕಿದೆಯೇ ಎಂದು ಇವರು ಕೇಳಿದ್ದಕ್ಕೆ, "ಆತ್ತಾ ಆಹೇ" ಎಂದ. ಸದ್ಯಕ್ಕೆ ಇದೆಯಂತೆ. ಅಡುಗೆಮನೆಯಲ್ಲಿ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಬಿಟ್ಟಿದ್ದರು. ದೋಣಿ ಎಷ್ಟೇ ವಾಲಿದರೂ ಒಲೆ ನೆಟ್ಟಗಿರುತ್ತದೆ ಎಂದು ಇವರು ಬಲು ಹೆಮ್ಮೆಯಿಂದ, ತಾವೇ ಮಾಡಿಸಿದ ಹಾಗೆ ವಿವರಿಸಿದರು. "ಒಲಿ ನೆಟ್ಟಗಿರ್ತದ, ರೊಟ್ಟಿ ಬಡಿಯೋಕಿ ವಾಲ್ತಾಳ. ಆಕೀನ್ನೂ ತೂಗಬಿಡ್ತೀರೇನು?" ಎಂದು ನಾನು ಕೇಳಿದೆ. ಅಲ್ಲಿಂದ ಶುರುವಾಯಿತು.

ಆ ದೋಣಿ ಒಂದೊಡಲಿನದು. ಗಾಳಿ ಹಾಯಿಗೆ ಬಡಿದರೆ ಇಂಥ ದೋಣಿ ಪಕ್ಕಕ್ಕೆ ವಾಲಿಕೊಂಡೇ ಓಡುತ್ತದೆ. ಎರಡು ಒಡಲನ್ನು ಜೊತೆಗೆ ಕಟ್ಟಿ ಮೇಲೆ ಅಗಲವಾದ ಅಟ್ಟ ಹಾಕಿದ ಇನ್ನೊಂದು ಜಾತಿ ಇದೆ. ಅದು ವಾಲುವುದಿಲ್ಲ, ಕೋಣೆಗಳೂ ದೊಡ್ಡವು. ನನಗೆ ಅದೇ ಬೇಕಿತ್ತು. ಶಾಲೆಯಲ್ಲಿ ಭೂಗೋಳ ಕಲಿಸಲು ದಿನವೂ ಭಾಂಡುಪಿಗೆ ಹೋಗುತ್ತಿದ್ದವಳು ನಾನು. ಸೀಟು ಸಿಕ್ಕಿದರೆ ಮೂವರ ಬೆಂಚಿನಲ್ಲಿ ನಾಲ್ಕನೆಯದು, ಅರ್ಧ ಸೊಂಟ ಹೊರಗೆ. ಸಿಗದಿದ್ದರೆ ಯಾರದೋ ಹೆಗಲಿಗೆ ವಾಲಿಕೊಂಡು ನಿಲ್ಲುವುದು. ಮನೆಯಾದರೂ ನೆಟ್ಟಗಿರಲಿ ಎಂಬುದು ನನ್ನ ವಾದ. ಇವರು ಒಪ್ಪಲಿಲ್ಲ. "ವಾಲದ್ದು ದೋಣಿಯಾ ಮಾರಾಯ್ತಿ? ತೇಲುವ ಫ್ಲ್ಯಾಟು ಅದು. ನನ್ನದಕ್ಕೆ ಅಡಿಯಲ್ಲಿ ಸೀಸದ ಭಾರ ಉಂಟು, ಮಗುಚಿದ್ರೂ ತಿರುಗಿ ಎದ್ದು ಕೂತ್ಕೊಳ್ತದೆ. ನಿನ್ನದು ಮಗುಚಿದ್ರೆ ಮಗುಚಿದ್ದೇ." ಊಟದಲ್ಲಿ, ಭಾಜಿ ತರುವಾಗ, ಮಗಳ ಮದುವೆಯ ಮಂಟಪದಲ್ಲಿ ಕೂಡ ಈ ವಾದ ನಡೆಯಿತು. ಅಂದು ಧಾರೆಗೆ ಬನ್ನಿ ಎಂದು ಪುರೋಹಿತರು ಎರಡು ಸಲ ಕರೆಯಬೇಕಾಯಿತು. ದೋಣಿ ಕೊಳ್ಳುವ ದುಡ್ಡು ನಮ್ಮ ಬಳಿ ಇದೆಯೇ ಎಂಬ ಪ್ರಶ್ನೆಯನ್ನು ಇಬ್ಬರೂ ಮರ್ಯಾದೆಯಿಂದ ಎತ್ತಲಿಲ್ಲ.

ಆಮೇಲೆ ಇವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಓಣಿಯ ತಿರುವು, ಆಮೇಲೆ ಅಳಿಯನ ಹೆಸರು. ಅಳಿಯನ ಹೆಸರು ಮರೆತದ್ದನ್ನು ನಾನು ಕಾಯಿಲೆಯೆಂದು ಎಣಿಸಲಿಲ್ಲ, ಅದು ಮೊದಲಿನಿಂದಲೂ ಇತ್ತು. ಡಾಕ್ಟರು ಮಿದುಳಿನ ಚಿತ್ರ ತೆಗೆಸಿ, ಇದು ನಿಧಾನವಾಗಿ ಹೆಚ್ಚುತ್ತದೆ, ಕೆಲವರು ಸಿಟ್ಟಿನವರಾಗುತ್ತಾರೆ, ನಿಮ್ಮವರು ಶಾಂತವಾಗಿದ್ದಾರಲ್ಲ, ಪುಣ್ಯ ಎಂದರು. ಒಂದು ದಿನ ನಾನು ರೊಟ್ಟಿ ಬಡಿಸಿದೆ. ಇವರು ಬೆಳಕಿಗೆ ಹಿಡಿಯದೆ ತಿಂದರು. ಚೆನ್ನಾಗಿದೆ ಎಂದರು. ಊಟವಾದ ಮೇಲೆ ಬಡೆಸೋಪಿನ ಬಟ್ಟಲನ್ನು ಎರಡು ಬೆರಳಿನಿಂದ ನನ್ನ ಕಡೆ ತಳ್ಳಿ ಮುಗುಳ್ನಕ್ಕರು. ಇಷ್ಟು ವರ್ಷಕ್ಕೆ ಪ್ರೀತಿ ಬಂತು ನೋಡು ಎಂದು ನಾನು ಒಳಗೆ ಹೋಗಿ ಸ್ವಲ್ಪ ಅತ್ತೆ.

ಆದರೆ ದೋಣಿಯ ವಿಷಯದಲ್ಲೂ ಒಪ್ಪಿಬಿಟ್ಟರೆ ಹೇಗೆ? "ಎರಡೊಡಲಿನದೇ ತಗೊಳ್ಳೋಣ್ರಿ" ಎಂದೆ. "ಆಯ್ತು, ಹಾಗೇ ಮಾಡುವಾ." ಗೆದ್ದ ಸಂತೋಷ ಚಹಾ ಕುದಿಯುವವರೆಗೂ ಉಳಿಯಲಿಲ್ಲ. ಕೆಣಕಿದರೆ ಹಳೆಯ ಮನುಷ್ಯ ಎದ್ದುಬರಬಹುದೆಂದು, "ಬ್ಯಾಡ, ಸಿಮೆಂಟಿನ ದೋಣಿ ತಗೊಳ್ಳೋಣು" ಎಂದೆ. ಅದಕ್ಕೂ ಆಯ್ತು. ಹಾಯಿ ಇಲ್ಲದ್ದು? ಆಯ್ತು. ತಳ ಇಲ್ಲದ್ದು? "ನೀವು ಹೇಳುದು ಸರಿ." ಕೊನೆಗೆ ನಾನೇ ಇವರ ಪಕ್ಷ ವಹಿಸಿ, ಒಂದೊಡಲಿನದೇ ಶ್ರೇಷ್ಠ, ಸೀಸದ ಭಾರ, ಮಗುಚಿದರೂ ಏಳುತ್ತದೆ ಎಂದು ಇವರ ಮಾತುಗಳನ್ನೇ ಇವರಿಗೆ ಒಪ್ಪಿಸಿದೆ. ಮೊದಲ ಸಲ ಕೇಳುವವರ ಹಾಗೆ ಆಸಕ್ತಿಯಿಂದ ಕೇಳಿ ತಲೆಯಾಡಿಸಿದರು. ಇವರ ಬಾಯಿಂದ ಒಂದು 'ಇಲ್ಲ' ಬಂದರೆ ಸಾಕಾಗಿತ್ತು ನನಗೆ. ಒಂದು 'ಇಲ್ಲ' ಇದ್ದರೆ ಇವರು ಇನ್ನೂ ಒಳಗೆಲ್ಲೋ ಇದ್ದಾರೆ ಎಂದು ತಿಳಿಯಬಹುದಿತ್ತು.

ಹಾಗಾಗಿ ಮತ್ತೆ ಬೇಲಾಪುರಕ್ಕೆ ಕರೆದುಕೊಂಡು ಹೋದೆ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಕೈ ಹಿಡಿದುಕೊಂಡೆ; ಅದಕ್ಕೂ ಆಕ್ಷೇಪವಿರಲಿಲ್ಲ. ದೋಣಿ ಇನ್ನೂ ಮಾರಾಟವಾಗಿರಲಿಲ್ಲ. ಇಳಿತದ ಹೊತ್ತು, ಖಾಡಿಯಲ್ಲಿ ನೀರಿಗಿಂತ ಕೆಸರೇ ಹೆಚ್ಚು. ದೋಣಿ ಪೂರ್ತಿ ಒಂದು ಮಗ್ಗುಲಿಗೆ ಬಿದ್ದುಕೊಂಡಿತ್ತು. ಇಲ್ಲಿ ಒಂದು ಹೋಲಿಕೆ ತಾನಾಗಿ ಎದ್ದು ಬರುತ್ತದೆ, ಅದನ್ನು ನಾನು ಮಾಡುವುದಿಲ್ಲ. ಜೆಟ್ಟಿಯ ಕಟ್ಟೆಯ ಮೇಲೆ ಕೂತು, ನಡುವೆ ಶೇಂಗಾದ ಪೊಟ್ಟಣ ಇಟ್ಟುಕೊಂಡು, ನಾನು ಹಳೆಯ ಉತ್ಸಾಹವನ್ನು ಬರಿಸಿಕೊಂಡು ಹೇಳಿದೆ:

"ನೋಡ್ರಿ, ಹೆಂಗ ವಾಲಿ ಬಿದ್ದದ. ನಾ ಹೇಳಿದ್ದು ಆಗಿದ್ರ ಕೆಸರಿನ ಮ್ಯಾಲೂ ನೆಟ್ಟಗ ಕೂಡ್ತಿತ್ತು."

"ಹೌದಲ್ವಾ," ಎಂದರು. ಆಮೇಲೆ ನನ್ನ ಕಡೆ ಸ್ವಲ್ಪ ಬಾಗಿ, ಗುಟ್ಟು ಹೇಳುವವರ ಹಾಗೆ, "ನಮ್ಮ ಮನೆಯವಳೂ ಇದನ್ನೇ ಹೇಳುದು."

ನಾನು ಶೇಂಗಾ ಬಿಡಿಸುವುದನ್ನು ನಿಲ್ಲಿಸಿದೆ. "ಹೌದಾ?"

"ಹೌದು. ವಿಜಾಪುರದವಳು, ಭೂಗೋಳದ ಟೀಚರು. ಸಮುದ್ರದ ವಿಷಯ ನನಗೇ ಪಾಠ ಮಾಡ್ತಾಳೆ." ಹೇಳಿ, ಶೇಂಗಾದ ಪೊಟ್ಟಣವನ್ನು ಎರಡು ಬೆರಳಿನಿಂದ ನನ್ನ ಕಡೆ ತಳ್ಳಿ ಮುಗುಳ್ನಕ್ಕರು.

ಆ ಬೆರಳು, ಆ ನಗು. ಇಷ್ಟು ದಿನ ನಾನು ಪ್ರೀತಿಯೆಂದು ತಿಳಿದದ್ದು ಗಲ್ಲಾದ ಮೇಲಿನ ಮರ್ಯಾದೆಯಾಗಿತ್ತು. ಇವರು ನನ್ನ ಮಾತಿಗೆ ಒಪ್ಪುತ್ತಿರಲಿಲ್ಲ, ನಾನು ಗಿರಾಕಿಯಾಗಿದ್ದೆ. ಗಿರಾಕಿಗಳು ಏನು ಹೇಳುತ್ತಾರೋ ಅದನ್ನೇ, ಒಂದು ದೂರನ್ನೇ ಹೇಳಿದೆ: "ಭಾಳ ಹಟಮಾರಿ ಇರಬೇಕ್ರಿ ನಿಮ್ಮ ಹೆಂಡ್ತಿ."

ನಗು ನಿಂತಿತು. "ಇಲ್ಲ," ಎಂದರು. "ಇಲ್ಲ, ಹಾಗೆ ಹೇಳ್ಬೇಡಿ. ನಿಮಗೆ ಗೊತ್ತಿಲ್ಲ. ಜೀವಮಾನ ಇಡೀ ಟ್ರೈನಲ್ಲಿ ವಾಲಿ ನಿಂತೇ ಬಂದವಳು ಅವಳು. ಮನೆಯಾದ್ರೂ ನೆಟ್ಟಗೆ ಬೇಕು ಅಂದ್ರೆ ತಪ್ಪೆಂತ?"

"ಹಂಗಾರ ಆಕಿ ಹೇಳಿದ್ದೇ ತಗೋರಿ ಮತ್ತ."

"ತಗೊಂಡ್ರೆ ಮತ್ತೆ ಮನೆಯಲ್ಲಿ ಮಾತಾಡ್ಲಿಕ್ಕೆ ಎಂತ ಉಂಟು?" ಎಂದರು. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಮಾತ್ರ ಹೇಳ್ಬೇಡಿ, ಆಯ್ತಾ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಈ ಸಂಭಾಷಣೆ ಜೆಟ್ಟಿಯ ಮೇಲೆಯೇ ನಡೆಯಿತೇ, ವಾಪಸು ಬರುವಾಗ ಗಾಡಿಯಲ್ಲಿ ನಡೆಯಿತೇ ಎಂದು ಈಗ ಅನುಮಾನ ಬರುತ್ತದೆ. ಬಿದ್ದ ದೋಣಿ ಎದುರಿಗಿದ್ದರೆ ಚೆಂದ ಎಂದು ನಾನೇ ಅಲ್ಲಿಗೆ ಎಳೆದು ತಂದಿರಬಹುದು. ಕೇಳೋಣವೆಂದರೆ ಜೊತೆಗಿದ್ದವರು ಒಬ್ಬರೇ, ಅವರು ಎಲ್ಲಿ ಎಂದರೂ ಆಯ್ತು ಎನ್ನುತ್ತಾರೆ. 'ಇಲ್ಲ' ಎಂದದ್ದು ಮಾತ್ರ ನಿಜ. ಅದನ್ನು ನಾನು ಕಟ್ಟಿದ್ದಲ್ಲ, ಯಾಕೆಂದರೆ ಅದನ್ನು ದಿನವೂ ಪರೀಕ್ಷಿಸುತ್ತೇನೆ. ಮನೆ ತೀರ ಶಾಂತವಾಯಿತು ಎನಿಸಿದಾಗ ಇವರ ಎದುರಿಗೆ ಕೂತು ನನ್ನನ್ನು ನಾನೇ ಬೈಯತೊಡಗುತ್ತೇನೆ. ನಿಮ್ಮ ಹೆಂಡತಿಗೆ ಲೆಕ್ಕ ಬರುವುದಿಲ್ಲವಂತಲ್ಲ, ಬಾಯಿ ಬಹಳ ಜೋರಂತಲ್ಲ ಎಂದರೆ ಸಾಕು, ಗಲ್ಲಾದ ನಗು ಆರಿ, ಬೆನ್ನು ನೆಟ್ಟಗಾಗುತ್ತದೆ. ಹಿಂದೆ ಒಂದು ದಿನವೂ ನನ್ನ ಕಿವಿಗೆ ಬೀಳದ ಹೊಗಳಿಕೆಗಳು ಹೊರಗೆ ಬರುತ್ತವೆ. ನಿನ್ನೆ, "ಆಕಿ ಪಲ್ಯಕ್ಕ ಉಪ್ಪೇ ಹಾಕೂದಿಲ್ಲಂತ?" ಎಂದೆ. "ಯಾರು ಹೇಳಿದ್ದು ನಿಮಗೆ?" ಎಂದು ಏರಿಬಂದರು. ನಾನೂ ಬಿಡಲಿಲ್ಲ. ಬಹಳ ಹೊತ್ತು ವಾದ ಮಾಡಿ, ಎಂದಿನ ಹಾಗೆ ಸೋತು, ಎದ್ದು ಒಳಗೆ ಹೋಗಿ ಪಲ್ಯಕ್ಕೆ ಉಪ್ಪು ಹಾಕಿದೆ.