ಆವಕಾಯಿಗೆ ಹೊರಟ ಚಾಕು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅಡುಗೆಮನೆಯ ಚಾಕುವನ್ನು. ಕರ್ಟನ್ನು, ಸೋಫಾ, ಗೋಡೆಯ ಬಣ್ಣ ಇವೆಲ್ಲ ಬಂದವರಿಗಾಗಿ ಇಟ್ಟುಕೊಂಡವು. ಮನೆಯವರ ನಿಜಸ್ವಭಾವ ಇರುವುದು ಚಾಕುವಿನಲ್ಲಿ. ಹೆಚ್ಚಿನ ಮನೆಗಳಲ್ಲಿ ಟೊಮ್ಯಾಟೊ ಹೆಚ್ಚಲು ಹೋದರೆ ಅದು ತುಂಡಾಗುವುದಿಲ್ಲ, ನೊಂದುಕೊಳ್ಳುತ್ತದೆ. "ಸ್ವಲ್ಪ ಮೊಂಡು, ಹೊಸದು ತರಬೇಕು" ಎನ್ನುತ್ತಾಳೆ ಮನೆಯಾಕೆ. ಮುಂದಿನ ವರ್ಷ ಹೋದರೂ ಅದೇ ಚಾಕು, ಅದೇ ಮಾತು. ಇಪ್ಪತ್ತೈದು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದವಳು. ಈಗ ಹೇಳುವುದಿಲ್ಲ, ಏಕೆಂದರೆ ನಮ್ಮ ಮನೆಯ ಚಾಕುಗಳನ್ನು ನಾನೇ ಮಾಡುತ್ತೇನೆ. ಇದನ್ನು ಬರೆಯುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ಕ್ಷಮಿಸಬೇಕು.

ಇದಕ್ಕೆಲ್ಲ ಕಾರಣ ನನ್ನ ಬೀಗಿತ್ತಿ. ನಾವಿರುವುದು ವಿಶಾಖಪಟ್ಟಣದಲ್ಲಿ, ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ. ಮಗಳನ್ನು ಕೊಟ್ಟಿರುವುದು ವಿಜಯವಾಡಕ್ಕೆ. ಬೆಂಜ್ ಸರ್ಕಲ್ಲಿನ ಗದ್ದಲ ಸ್ವಲ್ಪ ತಗ್ಗಿದ ಮೇಲೆ ಸಿಗುವ ಒಂದು ಗಲ್ಲಿಯಲ್ಲಿ ಅವರ ಮನೆ. ಅಲ್ಲಿ ಬೇಸಿಗೆಯೆಂದರೆ ಆವಕಾಯಿ ಉಪ್ಪಿನಕಾಯಿ ಹಾಕುವ ಕಾಲ. ಹೋದ ವರ್ಷ ಮಾವಿನಕಾಯಿಯನ್ನು ಮಾರುಕಟ್ಟೆಯಲ್ಲೇ ಹೋಳು ಮಾಡಿಸಿ ತಂದಿದ್ದರು. ಒಂದೊಂದೇ ಹೋಳನ್ನು ಬಟ್ಟೆಯಿಂದ ಒರೆಸುವ ಕೆಲಸ ನನ್ನದು. ಹೋಳುಗಳು ಒಂದು ದೊಡ್ಡದು, ಒಂದು ಚಿಕ್ಕದು ಎಂದು ಗೊಣಗುತ್ತಿದ್ದ ಬೀಗಿತ್ತಿ ವರಲಕ್ಷ್ಮಮ್ಮ ನನ್ನ ಕಡೆ ತಿರುಗಿ, "ಏಮ್ ವದಿನಗಾರು, ಮೀ ಇಂಟ್ಲೋ ಇಂತ ಉಕ್ಕು ಉಂದಿ, ಒಕ್ಕ ಮಂಚಿ ಕತ್ತಿ ಲೇದಾ?" ಎಂದರು. ನಿಮ್ಮಲ್ಲಿ ಅಷ್ಟು ಉಕ್ಕಿದೆ, ಒಂದು ಒಳ್ಳೆಯ ಚಾಕು ಇಲ್ಲವೇ ಎಂದು. ನಗುತ್ತಲೇ ಕೇಳಿದ್ದು. ಆದರೆ ಬೀಗಿತ್ತಿಯರ ನಗುವನ್ನು ಬರೀ ನಗು ಎಂದುಕೊಳ್ಳುವಷ್ಟು ನಾನು ಮುಗ್ಧಳಲ್ಲ. "ಮುಂದಿನ ವರ್ಷ ನನ್ನ ಕೈಯಾರೆ ಮಾಡಿದ ಚಾಕು ತರ್ತೀನಿ. ಕಾಯಿ ಮನೆಯಲ್ಲೇ ಹೆಚ್ಚೋಣ" ಎಂದುಬಿಟ್ಟೆ. ಮಗಳು ನನ್ನ ಸೆರಗು ಜಗ್ಗಿ, "ಅಮ್ಮಾ, ನಿಜಂಗಾ ಮಾಡ್ತೀಯಾ? ಇವರು ಮರೆಯೋ ಜನ ಅಲ್ಲ" ಎಂದು ಪಿಸುಗುಟ್ಟಿದಳು.

ವಿಶಾಖಪಟ್ಟಣಕ್ಕೆ ಬಂದವಳೇ ಮೊಬೈಲಿನಲ್ಲಿ ಚಾಕು ಮಾಡುವವರನ್ನು ನೋಡತೊಡಗಿದೆ. ಅದರಲ್ಲಿ ಒಬ್ಬ ಗಡ್ಡದವನು, ಸರಳ ಸಲಕರಣೆ ಸಾಕು ಎನ್ನುತ್ತಲೇ ನಮ್ಮ ನಡುಮನೆಯಷ್ಟು ದೊಡ್ಡ ಯಂತ್ರದ ಪಕ್ಕ ನಿಲ್ಲುತ್ತಿದ್ದ. ಅವನನ್ನು ಅಲ್ಲಿಗೇ ಬಿಟ್ಟೆ. ತೂತಾದ ಕಬ್ಬಿಣದ ಬಕೆಟ್ಟಿಗೆ ಒಳಗೆ ಜೇಡಿಮಣ್ಣು, ಬೂದಿ ಮೆತ್ತಿದೆ: ಕುಲುಮೆ. ಮಗಳು ಬಿಟ್ಟುಹೋದ ಹೇರ್ ಡ್ರೈಯರ್: ತಿದಿ. ಇಸ್ತ್ರಿಯವನ ಹತ್ತಿರ ಇದ್ದಿಲು. ಗುಜರಿ ಅಂಗಡಿಯಲ್ಲಿ ಸಿಕ್ಕ ಮೊಳದುದ್ದದ ರೈಲುಕಂಬಿ, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಾಯಿತು. ಅಲ್ಲೇ ಸಿಕ್ಕ, ಕಬ್ಬಿಣ ಉಜ್ಜಿ ಹಲ್ಲು ಸವೆದ ಹಳೆಯ ಅರಗಳು ಚಾಕುವಾಗಲು ಕಾದು ಕುಳಿತವು. ಹಿಡಿಗೆ ಮುರಿದ ಲಟ್ಟಣಿಗೆ. ಕೆಂಪಗೆ ಕಾಯಿಸಿದ ಅಲಗನ್ನು ಅದ್ದಲು ಮೆಣಸಿನಕಾಯಿ ಬಜ್ಜಿ ಕರಿದು ಉಳಿದ ಎಣ್ಣೆ. ಮೊದಲ ಸಲ ಅದ್ದಿದಾಗ ಎದ್ದ ಪರಿಮಳಕ್ಕೆ ಪಕ್ಕದ ಕ್ವಾರ್ಟರ್ಸಿನವರು ತಟ್ಟೆ ಹಿಡಿದು ಬಾರದಿದ್ದದ್ದು ಅವರ ದೊಡ್ಡತನ.

ನಮ್ಮ ಯಜಮಾನರು ಧಾರವಾಡ ಕಡೆಯವರು. ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಉಕ್ಕು ಹೊರಳುವುದನ್ನು ದಿನವೂ ನೋಡುವವರಿಗೆ ನನ್ನ ಬಕೆಟ್ಟು ದೊಡ್ಡ ತಮಾಷೆಯಾಯಿತು. "ಏನಿದು, ಹಿತ್ತಲದಾಗ ಕುಲುಮಿ ಹೂಡೀಯೇನು? ನಮ್ಮ ಫರ್ನೇಸಿಗೆ ಕಾಂಪಿಟೇಷನ್ ಆತು ನೋಡು" ಎಂದರು. ನನ್ನ ಮೊದಲ ಚಾಕು ಮೇಜಿನಿಂದ ನೆಲಕ್ಕೆ ಬಿದ್ದು ಕಡಲೆ ಚಿಕ್ಕಿಯಂತೆ ಎರಡಾಯಿತು. ಅವರು ತುಂಡುಗಳನ್ನು ಎತ್ತಿ ನೋಡಿ, "ಹದಾ ಇಳಿಸಿಲ್ಲ ನೀ. ಬರೇ ಗಟ್ಟಿ ಇದ್ರ ಸಾಲಂಗಿಲ್ಲ, ಚೂರು ಬಾಗೂದೂ ಬರಬೇಕು" ಎಂದರು. ಹೇಳುವಾಗ ಚಾಕುವನ್ನು ನೋಡದೆ ನನ್ನನ್ನೇ ನೋಡುತ್ತಿದ್ದರು.

ಆದರೆ ಆ ಹದವೇ ನನ್ನ ಕೈಹಿಡಿಯಿತು. ಎಣ್ಣೆಯಲ್ಲಿ ಅದ್ದಿ ಗಟ್ಟಿಯಾದ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಬಿಸಿ ಮಾಡಬೇಕು. ಆಗ ಅದರ ಮೇಲೆ ಬಣ್ಣ ಹರಡುತ್ತದೆ. ಸರಿಯಾದ ಬಣ್ಣಕ್ಕೆ ನಿಲ್ಲಿಸಿದರೆ ಚಾಕು, ತಪ್ಪಿದರೆ ತಗಡು. ನಾನು ಕೇಕ್ ಮಾಡುವ ಪುಟ್ಟ ಓವನ್ನಿನಲ್ಲಿ ಇಟ್ಟು ಗಾಜಿನ ಬಾಗಿಲ ಮುಂದೆ ಕುಳಿತೆ. ಒಣಹುಲ್ಲಿನ ಬಣ್ಣ ಬಂತು. ಇನ್ನೂ ಸ್ವಲ್ಪ ತಡೆದೆ. ಅನಕಾಪಲ್ಲಿಯ ಹೊಸಬೆಲ್ಲದ ಬಣ್ಣ ಬಂದ ಕೂಡಲೇ ಹೊರತೆಗೆದೆ. ಉಂಡೆಪಾಕ ಯಾವ ಗಳಿಗೆಯಲ್ಲಿ ಗಟ್ಟಿಪಾಕವಾಗುತ್ತದೆ ಎಂದು ಮೂವತ್ತು ವರ್ಷ ಬಾಣಲೆಯ ಮುಂದೆ ನಿಂತು ಕಲಿತವಳಿಗೆ ಥರ್ಮಾಮೀಟರ್ ಯಾಕೆ? ಈ ಚಾಕು ಬಿದ್ದಿತು, ಠಣ್ ಎಂದಿತು, ಮುರಿಯಲಿಲ್ಲ. ಅಂಚನ್ನು ಒರಳುಕಲ್ಲಿನ ನಯವಾದ ಬದಿಗೆ ದಿನಗಟ್ಟಲೆ ಮಸೆದೆ. ಬೀನ್ಸನ್ನು ಕೂದಲೆಳೆಯಂತೆ ಹೆಚ್ಚಿತು. ಯಜಮಾನರು ಆ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಅದು ಬಿರುದು ಸಿಕ್ಕಿದ ಹಾಗೆ.

ಚಾಕುವನ್ನು ಚಕ್ಕುಲಿ ಡಬ್ಬಿಯಲ್ಲಿಟ್ಟುಕೊಂಡು ವಿಜಯವಾಡಕ್ಕೆ ಹೋದೆ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಂತೆ, ನಮ್ಮಲ್ಲೂ ಅವರಲ್ಲೂ. ಹಾಗಾಗಿ ವೀಳ್ಯದೆಲೆಯ ತಟ್ಟೆಯಲ್ಲಿಟ್ಟು ನೆಲದ ಮೇಲೆ ಸರಿಸಿದೆ. ವರಲಕ್ಷ್ಮಮ್ಮ ಎತ್ತಿಕೊಂಡು, ತಿರುಗಿಸಿ ನೋಡಿ, ಬಲಿತ ಮಾವಿನಕಾಯಿಯೊಂದನ್ನು ಮಣೆಯ ಮೇಲಿಟ್ಟರು. ಚಾಕು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಕಾಯಿಯ ನಡುವಿಗೆ ಬಂದು ನಿಂತಿತು.

ಗೊರಟೆ. ನಮ್ಮ ಕಡೆ ಮಿಡಿಯಾದರೆ ಇಡಿಯಾಗಿ ಹಾಕುತ್ತೇವೆ, ಬಲಿತದ್ದಾದರೆ ಗೊರಟೆ ಬಿಟ್ಟು ಹೆಚ್ಚುತ್ತೇವೆ. ಆವಕಾಯಿಗೆ ಗೊರಟೆಯ ಚಿಪ್ಪು ಸಮೇತ ಕಡಿಯಬೇಕು. ಹೋದ ವರ್ಷ ಆ ಚಿಪ್ಪಿನ ಹೋಳುಗಳನ್ನು ನೂರಾರು ಒರೆಸಿದ್ದೇನೆ. ಅದನ್ನು ಕಡಿಯುವ ಕತ್ತಿ ಬೆರಳಿನಷ್ಟು ದಪ್ಪವಿರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ವರ್ಷವಿಡೀ ಕಷ್ಟಪಟ್ಟು ಆವಕಾಯಿಗೆಂದು ಬೀನ್ಸ್ ಚಾಕು ಮಾಡಿದ್ದೆ. ವರಲಕ್ಷ್ಮಮ್ಮ ಚಾಕುವಿನ ಬೆನ್ನಿಗೆ ಕುಟ್ಟಾಣಿಯಿಂದ ಒಂದು ಕೊಟ್ಟರು. ಕಾಯಿ ಎರಡಾಯಿತು. ಅಲಗಿನ ಬುಡದಲ್ಲಿ ಉಗುರಿನಷ್ಟು ಚೂರು ಹಾರಿ ಅರ್ಧಚಂದ್ರದ ಕಚ್ಚು ಬಿದ್ದಿತ್ತು. ಮಗಳು ಸೀಲಿಂಗ್ ಫ್ಯಾನ್ ನೋಡತೊಡಗಿದಳು.

"ಮುರಿಯಲಿಲ್ಲವಲ್ಲ" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ. ವರಲಕ್ಷ್ಮಮ್ಮ ಉಳಿದ ಕಾಯಿಗಳನ್ನು ಹೋಳು ಮಾಡಿಸಲು ಮಾರುಕಟ್ಟೆಗೆ ಕಳಿಸಿದರು. ಆ ರಾತ್ರಿ ಚಾಕುವನ್ನು ವಾಪಸ್ ಡಬ್ಬಿಗೆ ಸೇರಿಸುವ ಉಪಾಯ ಹುಡುಕಿದ್ದೇ ನನ್ನ ನಿದ್ದೆ.

ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಬೀಗಿತ್ತಿ ನನ್ನ ಚಾಕು ಹಿಡಿದು ನಿಂತಿದ್ದಾರೆ. ಕರಿಬೇವಿನ ಕಡ್ಡಿಯನ್ನು ಆ ಅರ್ಧಚಂದ್ರದೊಳಗೆ ತೂರಿಸಿ ಸರ್ರೆಂದು ಎಳೆಯುತ್ತಾರೆ, ಎಲೆಗಳೆಲ್ಲ ತಟ್ಟೆಗೆ ಬೀಳುತ್ತವೆ. ಫೋನು ಹೆಗಲಿಗೂ ಕಿವಿಗೂ ನಡುವೆ. ತಂಗಿಗೆ ಹೇಳುತ್ತಿದ್ದರು: "ಮಾ ವದಿನಗಾರೇ ಚೇಸಾರು. ಕರಿವೇಪಾಕುಕಿ ಪ್ರತ್ಯೇಕಂಗಾ ಗಂಟು ಪೆಟ್ಟಾರು." ನಮ್ಮ ಅತ್ತಿಗೆಯವರೇ ಮಾಡಿದ್ದು, ಕರಿಬೇವಿಗೆಂದೇ ಬೇರೆ ಕಚ್ಚು ಇಟ್ಟಿದ್ದಾರೆ ಎಂದು. ನಾನು ತಿದ್ದಲಿಲ್ಲ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕುವುದು ಒಳ್ಳೆಯದಲ್ಲ.

ಈಗ ಆ ತಂಗಿಗೊಂದು, ಮೇಲಿನ ಮನೆಯವರಿಗೊಂದು ಚಾಕು ಬೇಕಂತೆ, ಕಚ್ಚಿನ ಸಮೇತ. ನಾಲ್ಕು ದಿನದಲ್ಲಿ ನಾನು ನಿರ್ದೋಷವಾದ ಚಾಕು ಮಾಡಬಲ್ಲೆ. ಅದನ್ನು ಅಷ್ಟೇ ಚೆನ್ನಾಗಿ ಕೆಡಿಸಲು ವಾರ ಹಿಡಿಯುತ್ತಿದೆ. ನಿನ್ನೆ ಯಜಮಾನರು, "ಅಷ್ಟು ಛಲೋ ಅಲಗಿಗೆ ಇದೇನ ಮಾಡ್ಲಿಕತ್ತೀ?" ಎಂದರು. "ಡಿಸೈನ್" ಎಂದೆ, ತಲೆಯೆತ್ತದೆ, ಕಚ್ಚಿಗೆ ಅರ ಉಜ್ಜುತ್ತ.