ಮೂರು ಗಂಟೆಯ ಫೋನು

ಫೋನು ದಿನಾ ಮಧ್ಯಾಹ್ನ ಮೂರಕ್ಕೆ ಬಡಿದುಕೊಳ್ಳುತ್ತಿತ್ತು. ಎವಾರಿಸ್ತೊ ಎತ್ತಿ ಹಲೋ ಅಂದರೆ ಆ ಕಡೆ ಬರೀ ಉಸಿರು. ಮೂರು ಎಣಿಸುವಷ್ಟರಲ್ಲಿ ಕಟ್. ಅವನು ನಿವೃತ್ತನಾಗಿ ಮನೆಯಲ್ಲಿ ಕೂತ ನಾಲ್ಕು ತಿಂಗಳಲ್ಲಿ ಭಾನುವಾರ ಬಿಟ್ಟರೆ ಅದು ತಪ್ಪಿದ್ದು ಅಪರೂಪ.

ಇದನ್ನು ಪಕ್ಕದ ಮನೆಯ ದೋನ್ಯಾ ಪ್ರೋವಿಗೆ ಹೇಳಿದ್ದೇ ತಪ್ಪಾಯಿತು. ಆಕೆ ಬಟ್ಟೆ ಒಣಹಾಕುತ್ತಲೇ ತೀರ್ಪು ಕೊಟ್ಟಳು.

"ಗಂಡಸಿನ ದನಿ ಕೇಳಿ ಫೋನು ಇಡೋನು ಹೆಂಗಸಿಗೋಸ್ಕರಾನೇ ಮಾಡಿರ್ತಾನೆ ಮಗಾ. ನಾನು ಯಾರ ಹೆಸರೂ ಹೇಳಲ್ಲಪ್ಪ."

ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಎವಾರಿಸ್ತೊನ ಹೆಂಡತಿ ಮಿಗ್ದಾಲಿಯಾ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಗುಮಾಸ್ತೆ; ರೋಗಿಗಳು ಕಡಿಮೆಯಿದ್ದ ದಿನ ಮೂರಕ್ಕೆ ಮೊದಲೇ ಮನೆ ಸೇರುವುದುಂಟು. ಈಚೆಗೆ ತಿಂಗಳಿಗೆ ಎರಡು ಸಲ ಕೂದಲಿಗೆ ಬಣ್ಣ ಹಾಕಿಸುತ್ತಿದ್ದಳು. ಹಾಕುವವನು ಮೂಲೆಯ ಬ್ಯೂಟಿ ಪಾರ್ಲರಿನ ಗಮಾಲಿಯೆಲ್. ಹೆಂಡತಿ ಇಲ್ಲದವನು, ಸೆಂಟಿನ ವಾಸನೆಯನ್ನು ಮುಂದೆ ಕಳಿಸಿ ತಾನು ಹಿಂದಿನಿಂದ ಬರುವಂಥವನು. ಅವನ ಬೆರಳು ಮಿಗ್ದಾಲಿಯಾಳ ನೆತ್ತಿಯ ಮೇಲೆ ಓಡಾಡುವುದನ್ನು ನೆನೆದರೆ ಎವಾರಿಸ್ತೊ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದ.

ಆದರೆ ಹಿಡಿಯುವುದು ಹೇಗೆ? ಮೂರಕ್ಕೆ ಪಾರ್ಲರಿನಲ್ಲಿ ನಿಂತರೆ ಫೋನು ಮಾಡುವವನು ಕಾಣುತ್ತಾನೆ, ಮನೆಯಲ್ಲಿ ಬಡಿದದ್ದು ಕೇಳಿಸುವುದಿಲ್ಲ. ಮನೆಯಲ್ಲಿದ್ದರೆ ಬಡಿದದ್ದು ಕೇಳಿಸುತ್ತದೆ, ಮಾಡಿದವನು ಕಾಣುವುದಿಲ್ಲ. ಎವಾರಿಸ್ತೊ ಜನ್ಮದಲ್ಲಿ ಮೊಬೈಲ್ ಇಟ್ಟುಕೊಂಡವನಲ್ಲ. ಮಂಗಳವಾರ ಬೆಳಗ್ಗೆ ಕಾಫಿ ಕುಡಿಯುವಾಗ ಉಪಾಯ ಹೊಳೆಯಿತು: ಮನೆಯ ನಂಬರನ್ನೇ ಕಿತ್ತು ಜೇಬಿಗೆ ಹಾಕಿಕೊಂಡರೆ?

ಮನೆಯ ನಂಬರನ್ನೇ ಹೊಸ ಮೊಬೈಲಿಗೆ ವರ್ಗಾಯಿಸಲು ಆಗುತ್ತದೆ ಎಂದಳು ಮೊಬೈಲ್ ಅಂಗಡಿಯಾಕೆ. ಆದರೆ ಮನೆಯ ಇಂಟರ್ನೆಟ್ಟೂ ಅದೇ ನಂಬರಿಗೆ ಅಂಟಿಕೊಂಡಿರುತ್ತದೆ, ಮೊದಲು ಹಳೆಯ ಕಂಪನಿಗೆ ಹೇಳಿ ಅದನ್ನು ಬೇರೆ ಮಾಡಿಸಬೇಕು, ಇಲ್ಲವಾದರೆ ನಂಬರಿನ ಜೊತೆ ಅದೂ ಹೋಗುತ್ತದೆ ಎಂದು ಎರಡೆರಡು ಸಲ ಎಚ್ಚರಿಸಿದಳು. ಎವಾರಿಸ್ತೊ ಬೆವರಿದ. ಸಂಜೆ ಏಳಕ್ಕೆ ಮಿಗ್ದಾಲಿಯಾ ಟರ್ಕಿಯ ಧಾರಾವಾಹಿ ಹಾಕಿದಾಗ ಪರದೆಯ ಮೇಲೆ ಬರೀ ಚಕ್ರ ತಿರುಗಿದರೆ ಗುಟ್ಟು ರಟ್ಟಾಗುತ್ತಿತ್ತು. ಮೂಗಿಗೆ ನೋವಾಗದಂತೆ ಮೂಗುತಿ ತೆಗೆಯುವ ಕೆಲಸ ಇದು.

ಮನೆಗೆ ಬಂದು ಕಂಪನಿಗೆ ಫೋನು ಮಾಡಿದ. ನಲವತ್ತು ನಿಮಿಷ ಒಂದೇ ಸಾಲ್ಸಾ ಹಾಡು ಕೇಳಿಸಿದ ಮೇಲೆ ಮನುಷ್ಯರ ದನಿ ಬಂತು. ಅಷ್ಟು ಹೊತ್ತಿಗೆ ದೋನ್ಯಾ ಪ್ರೋವಿ ಬೇಲಿಯ ಮೇಲೆ ಗಲ್ಲ ಊರಿ ನಿಂತಿದ್ದಳು.

"ಫೋನು ಏನಾದ್ರೂ ಮಾಡ್ಕೊ ಮಗಾ, ಇಂಟರ್ನೆಟ್ ಮಾತ್ರ ಮುಟ್ಟಬೇಡ. ನಾನೂ ಅದರಲ್ಲೇ ನೋಡೋದು."

ಎಷ್ಟು ವರ್ಷದಿಂದ ಎಂದು ಕೇಳಲು ಅವನಿಗೆ ಪುರಸೊತ್ತಿರಲಿಲ್ಲ. ಮತ್ತೆ ಅಂಗಡಿಗೆ ಓಡಿದ. ಫಾರಂ ತುಂಬಿ ಬಂದ ಅರ್ಧ ಗಂಟೆಯಲ್ಲೇ ಅದು ತಿರಸ್ಕೃತವಾಯಿತು. ಫೋನಿನ ಬಿಲ್ಲಿನಲ್ಲಿ ಅವನ ಹೆಸರಿನ ಜೊತೆ, ಅಲ್ಲಿನ ರೂಢಿಯಂತೆ, ಅಪ್ಪನ ಮನೆತನ, ಅಮ್ಮನ ಮನೆತನ ಎರಡರ ಹೆಸರೂ ಇದ್ದವು. ಅವಸರದಲ್ಲಿ ಅವನು ಬರೆದದ್ದು ಅಪ್ಪನದೊಂದೇ. ತೀರಿಹೋದ ತಾಯಿ ಫಾರಂನಲ್ಲಿ ಜಾಗ ಕೊಡದ ಮಗನನ್ನು ಸುಡುಬಿಸಿಲಿನಲ್ಲಿ ಇನ್ನೊಂದು ಸಲ ನಡೆಸಿದಳು.

ಎರಡೂವರೆಗೆ ಮನೆಯ ಫೋನು ಸತ್ತಿತು, ಜೇಬಿನದು ಹುಟ್ಟಿತು. ಇಂಟರ್ನೆಟ್ಟಿನ ಹಸಿರು ದೀಪ ಮಾತ್ರ ಏನೂ ಆಗದಂತೆ ಮಿನುಗುತ್ತಿತ್ತು. ಎವಾರಿಸ್ತೊ ಎದೆಯುಬ್ಬಿಸಿ ಪಾರ್ಲರಿಗೆ ಹೊರಟ.

ಮೀಸೆಗೆ ಬಣ್ಣ ಹಾಕಿಸಬೇಕು ಎಂದದ್ದಕ್ಕೆ ಅಲ್ಲಿದ್ದ ಐದು ಹೆಂಗಸರು ಸರಿದು ಜಾಗ ಕೊಟ್ಟರು. ಅವನು ಗಮಾಲಿಯೆಲ್‌ನ ಕೈಗಳ ಮೇಲೇ ಕಣ್ಣು ನೆಟ್ಟು ಕೂತ, ಮೀನಂಗಡಿಯ ಮುಂದಿನ ಬೆಕ್ಕಿನ ಹಾಗೆ. ಮೂರಾಯಿತು. ಜೇಬು ಬಡಿದುಕೊಂಡಿತು.

ಗಮಾಲಿಯೆಲ್‌ನ ಎರಡೂ ಕೈಗಳು ಗಿರಾಕಿಯೊಬ್ಬಳ ತಲೆಯ ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ್ದವು.

ಎವಾರಿಸ್ತೊ ಮೊಬೈಲ್ ಕಿವಿಗಿಟ್ಟು ಹಲೋ ಅಂದ. ಅದೇ ಉಸಿರು. ಆಗ ಪಕ್ಕದ ಕುರ್ಚಿಯ ಹೆಂಗಸು ಕೈ ಚಾಚಿ, "ಚಿನ್ನಾ, ಆ ಟವಲ್ ಸ್ವಲ್ಪ ಕೊಡು" ಎಂದಳು. ಅವರ ಊರು ಪೋನ್ಸೆಯಲ್ಲಿ ಬಾಳೆಕಾಯಿ ಮಾರುವವಳೂ ಚಿನ್ನಾ ಅನ್ನುತ್ತಾಳೆ, ದಂಡ ಹಾಕುವ ಪೊಲೀಸಿನವಳೂ ಅನ್ನುತ್ತಾಳೆ. ಫೋನಿನ ಉಸಿರು ಮಾತ್ರ ಗಕ್ಕನೆ ನಿಂತಿತು.

"ಎವಾರಿಸ್ತೊ, ಯಾರವಳು?"

ದನಿ ಮಿಗ್ದಾಲಿಯಾಳದು.

"ದಿನಾ ಮಾಡ್ತಿದ್ದದ್ದು ನೀನಾ?"

"ನಾನೇ. ಕೆಲಸ ಬಿಟ್ಟ ಗಂಡಸು ಹಗ್ಗ ಬಿಚ್ಚಿದ ಹೋತ ಅಂತ ಪ್ರೋವಿ ಹೇಳಿದ್ಳು. ನೀನು ಎತ್ತಿದ್ರೆ ಮನೇಲಿದ್ದೀಯ ಅಂತ ನಿಶ್ಚಿಂತೆಯಾಗಿರ್ತಿದ್ದೆ. ಆ ಕಡೆ ಡ್ರೈಯರಿನ ಸದ್ದು, ಹೆಂಗಸರ ಗಲಾಟೆ ಕೇಳಿಸ್ತಿದೆ, ಅದು ನಮ್ಮನೆಯಲ್ಲ. ಈಗ ಹೇಳು, ಮನೆ ಫೋನನ್ನ ಎಷ್ಟು ತಿಂಗಳಿಂದ ಹೆಂಗಸರ ಮಧ್ಯೆ ಕೂತು ಎತ್ತುತ್ತಿದ್ದೀಯ?"

ಇವತ್ತೇ ನಂಬರನ್ನು ಮೊಬೈಲಿಗೆ ಹಾಕಿಸಿದ್ದು ಎಂದು ಅವನು ಆಣೆ ಮಾಡಿದ. ಹಾಗಾದರೆ ಯಾಕೆ ಹಾಕಿಸಿದೆ ಎಂದು ಅವಳು ಕೇಳಿದಳು. ಎವಾರಿಸ್ತೊ ಗಮಾಲಿಯೆಲ್‌ನ ಕಡೆ ನೋಡಿದ. ಮಾತು ಹಾರಿಸಿದರೆ ತಾನು ಪೋಲಿಯಾಗುತ್ತಿದ್ದ. ನಿಜ ಹೇಳಿದರೆ ನಾಲ್ಕು ತಿಂಗಳಿಂದ ಹೆಂಡತಿಯನ್ನು ಅನುಮಾನಿಸಿದವನು. ಪೋಲಿಯಾಗಿಯೇ ಇದ್ದರೆ ಜೀವ ಉಳಿದೀತು ಅನ್ನಿಸಿ, ಮೀಸೆಗೆ ಬಣ್ಣ ಹಾಕಿಸಲು ಬಂದೆ ಎಂದಷ್ಟೇ ಹೇಳಿದ.

ಮಿಗ್ದಾಲಿಯಾ, ಮನೆಯ ಇಂಟರ್ನೆಟ್ಟೂ ಹೋಯಿತೇ ಎಂದು ತಣ್ಣಗೆ ಕೇಳಿದಳು. ಅದು ಕೂದಲೂ ಕೊಂಕದೆ ಉಳಿದಿದೆ, ಅದಕ್ಕಾಗಿಯೇ ನಲವತ್ತು ನಿಮಿಷ ಕಾದೆ ಎಂದು ಅವನು ಉತ್ಸಾಹದಿಂದ ವರದಿ ಒಪ್ಪಿಸಿದ.

"ಒಳ್ಳೇ ಕೆಲಸ ಮಾಡಿದೆ. ಹಾಗಾದ್ರೆ ಈಗಲೇ ಮನೆಗೆ ಹೋಗಿ ಆ ಮೊಬೈಲಲ್ಲಿ ವೀಡಿಯೊ ಕಾಲ್ ಮಾಡು. ನಾಳೆಯಿಂದ ಗಂಟೆಗೊಂದ್ಸಲ. ಮುಖ ಒಂದೇ ಅಲ್ಲ, ಹಿಂದುಗಡೆ ನಮ್ಮನೆ ಗೋಡೆನೂ ಕಾಣ್ಬೇಕು."